ಬೆರಕೆಯ ಗುಣ

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು ರಸಾಯನಶಾಸ್ತ್ರದ ಮಾತೆತ್ತಿದರೆ ಕೇಳುವವರಿಗೆ ಸಂದೇಹ ಬರುವುದು ಸಹಜ. ನಾನು ಬಿ.ಕಾಂ. ಓದಿದವನು. ನನ್ನ ವಿಜ್ಞಾನದ ಓದು ಎಸ್.ಎಸ್.ಎಲ್.ಸಿ.ಗೆ ಮುಗಿಯಿತು. ಆದರೆ ನಮ್ಮ ಕಾರ್ಯದರ್ಶಿಗಳು ಬಿಡಲಿಲ್ಲ. “ಪ್ರತಿ ವರ್ಷ ಕವಿಗಳ ಮೇಲೆ, ವಚನಗಳ ಮೇಲೆ ಭಾಷಣ ಆಗುತ್ತದೆ, ಆಗಲಿ. ಈ ಸಲ ಒಬ್ಬರಾದರೂ ಈ ಊರಿನಲ್ಲಿ ನಡೆಯುವ ಒಂದು ಕೆಲಸದ ವಿಚಾರ ಹೇಳಲಿ” ಎಂದರು. ನಮ್ಮ ಶಾಖೆಗೆ ಪಾಷಾಣದ ಕಡೆಯಿಂದ ಬರುವ ಖಾತೆದಾರರು ಹಲವರು. ಆ ಹೆಸರು ಕನ್ನಡ ಕಿವಿಗೆ ಬಿದ್ದಾಗ ಮೊದಲು ಬೆಚ್ಚಿಬೀಳುತ್ತೇವೆ, ಅಲ್ಲವೆ? ಅಲ್ಲಿರುವುದು ವಿಷವಲ್ಲ, ರಾಷ್ಟ್ರೀಯ ರಸಾಯನ ಪ್ರಯೋಗಾಲಯ. ಅಲ್ಲಿಯ ಕೆಲವರು ಪುರುಸೊತ್ತು ಮಾಡಿಕೊಂಡು ನನಗೆ ತಿಳಿಸಿ ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ವಿಷಯಕ್ಕೆ ನಾನು ಬಂದದ್ದು ಚಿನ್ನದ ದಾರಿಯಿಂದ. ಒಡವೆಯ ಮೇಲೆ ಸಾಲ ಕೊಡುವ ಮೇಜಿನ ಹಿಂದೆ ಕೆಲವು ವರ್ಷ ಕುಳಿತವನಿಗೆ ‘ಬೆರಕೆ’ ಎಂಬ ಮಾತು ಕೇಳಿದರೇ ಮುಖ ಸಿಂಡರಿಸುವ ಅಭ್ಯಾಸವಾಗುತ್ತದೆ. ಚಿನ್ನಕ್ಕೆ ತಾಮ್ರ ಸೇರಿದಷ್ಟೂ ಬೆಲೆ ಇಳಿಯಿತು, ಸಾಲವೂ ಇಳಿಯಿತು. ಆದರೆ ರಸಾಯನಶಾಸ್ತ್ರದಲ್ಲಿ ಒಂದು ವಿಭಾಗವಿದೆ. ಅಲ್ಲಿ ಶುದ್ಧ ವಸ್ತುವಿಗೆ ಬೆಲೆ ಕಡಮೆ. ಏನನ್ನು ಬೆರೆಸಿದೆ, ಎಷ್ಟು ಬೆರೆಸಿದೆ, ಹೇಗೆ ಬೆರೆಸಿದೆ ಎಂಬುದಕ್ಕೇ ಬೆಲೆ. ಲೋಹದ ಆಕ್ಸೈಡಿನಿಂದ ಮಾಡಿದ ಕ್ರಿಯಾವರ್ಧಕಕ್ಕೆ ಇನ್ನೊಂದು ಲೋಹವನ್ನು ಚೂರು ಬೆರೆಸಿದರೆ, ಆ ಆಕ್ಸೈಡ್ ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಡುವ ರೀತಿಯೇ ಬದಲಾಗುತ್ತದೆ. ಇದೇ ನನ್ನ ಇಂದಿನ ವಿಷಯ.

ಆಮ್ಲಜನಕವನ್ನು ಬಿಡಿಸುವ ಕ್ರಿಯೆಗೆ ನಮ್ಮ ಪಠ್ಯಪುಸ್ತಕಗಳು ‘ಅಪಕರ್ಷಣ’ ಎಂದು ಹೆಸರಿಟ್ಟಿವೆ. ಹೆಸರು ದೊಡ್ಡದು, ಸಂಗತಿ ಹಳೆಯದು. ಭದ್ರಾವತಿಯನ್ನು ನೆನೆಯಿರಿ. ೧೯೨೩ರಲ್ಲಿ ಅಲ್ಲಿಯ ಊದುಕುಲುಮೆ ಹೊತ್ತಿಕೊಂಡಾಗ ಕೆಮ್ಮಣ್ಣುಗುಂಡಿಯ ಅದಿರನ್ನೂ ಮಲೆನಾಡಿನ ಕಟ್ಟಿಗೆಯ ಇದ್ದಿಲನ್ನೂ ಕೂಡಿಸಿ ಕಾಯಿಸಿದರು. ಅದಿರು ಎಂದರೆ ಕಬ್ಬಿಣದ ಆಕ್ಸೈಡ್. ಇದ್ದಿಲಿನ ಇಂಗಾಲ ಅದರ ಆಮ್ಲಜನಕವನ್ನು ಕಿತ್ತುಕೊಂಡು ಹೋಯಿತು, ಕಬ್ಬಿಣ ಉಳಿಯಿತು. ಅದೇ ಕಬ್ಬಿಣವನ್ನು ಮಳೆಯಲ್ಲಿ ಬಿಟ್ಟರೆ ಆಮ್ಲಜನಕ ಮತ್ತೆ ಬಂದು ಸೇರುತ್ತದೆ, ತುಕ್ಕು ಹಿಡಿಯುತ್ತದೆ. ಭದ್ರಾವತಿಯವರಿಗೆ ಬೇಕಾದದ್ದು ಕಬ್ಬಿಣ, ಆದುದರಿಂದ ಆಮ್ಲಜನಕವನ್ನು ಪೂರ್ತಿ ತೆಗೆದರೆ ಅವರ ಕೆಲಸ ಮುಗಿಯಿತು. ಕ್ರಿಯಾವರ್ಧಕದ ಸಂಸಾರ ಬೇರೆ. ಅದು ತಾನು ಸವೆಯದೆ ಬೇರೆಯವರ ಕ್ರಿಯೆಯನ್ನು ಬೇಗ ನಡೆಸಬೇಕು. ಹಾಗಾಗಿ ಅಲ್ಲಿ ಆಮ್ಲಜನಕವನ್ನು ಎಷ್ಟು ತೆಗೆಯಬೇಕು, ಯಾವ ಶಾಖದಲ್ಲಿ ತೆಗೆಯಬೇಕು, ತೆಗೆದುದನ್ನು ಮತ್ತೆ ತುಂಬಬಹುದೆ ಎಂಬ ಪ್ರಶ್ನೆಗಳೆಲ್ಲ ಬರುತ್ತವೆ.

ದಿನವೂ ನಮ್ಮ ಕಣ್ಣಿಗೆ ಬೀಳುವ ಉದಾಹರಣೆ ಎಂದರೆ ಮೋಟಾರು ಗಾಡಿಯ ಹೊಗೆ. ಪೆಟ್ರೋಲ್ ಇಂಜಿನ್ನಿನಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ೧೪.೭ ಪಾಲು ಗಾಳಿ ಸೇರಿದರೆ ಉರಿಯುವುದಕ್ಕೆ ಸರಿಹೋಗುತ್ತದೆ. ಯಂತ್ರ ಈ ಲೆಕ್ಕವನ್ನು ಹಿಡಿಯಲು ಹೋಗಿ ಕ್ಷಣಕ್ಷಣಕ್ಕೂ ಒಮ್ಮೆ ಆಚೆ, ಒಮ್ಮೆ ಈಚೆ ತೂಗಾಡುತ್ತದೆ. ಗಾಳಿ ಕಡಮೆಯಾದ ಕ್ಷಣದಲ್ಲಿ ಇಂಗಾಲದ ಮಾನಾಕ್ಸೈಡೂ ಅರೆಬೆಂದ ಪೆಟ್ರೋಲೂ ಹೊರಬೀಳುತ್ತವೆ. ಅವನ್ನು ಉರಿಸಲು ಆಮ್ಲಜನಕ ಬೇಕು, ಆ ಕ್ಷಣದಲ್ಲಿ ಅದೇ ಇಲ್ಲ. ಮರುಕ್ಷಣದಲ್ಲಿ ಅದು ಬೇಕಾದುದಕ್ಕಿಂತ ಹೆಚ್ಚು. ಹೊಗೆಕೊಳವೆಯಲ್ಲಿ ಒಂದು ಉಳಿತಾಯದ ಖಾತೆ ಇದ್ದರೆ, ಹೆಚ್ಚಾದಾಗ ಜಮಾ ಮಾಡಿ, ಸಾಲದಾದಾಗ ತೆಗೆದು ಕೊಡುವಂತಿದ್ದರೆ, ತೊಂದರೆ ನೀಗುತ್ತದೆ. ಆ ಖಾತೆಯ ಹೆಸರು ಸೀರಿಯಂ ಆಕ್ಸೈಡ್. ಕನ್ನಡಕದ ಗಾಜಿಗೆ ಹೊಳಪು ಕೊಡಲು ಬಳಸುವ ತಿಳಿಹಳದಿ ಬಣ್ಣದ ಪುಡಿ ಇದೇ. ಕೇರಳದ ಕಡಲ ಮರಳಿನ ಮೋನಜೈಟಿನಲ್ಲಿ ಸೀರಿಯಂ ಇದೆ. ಈ ಆಕ್ಸೈಡ್ ತನ್ನ ಆಮ್ಲಜನಕದಲ್ಲಿ ಕಾಲು ಪಾಲಿನವರೆಗೆ ಬಿಟ್ಟುಕೊಟ್ಟು ಮತ್ತೆ ತುಂಬಿಕೊಳ್ಳಬಲ್ಲುದು.

ಆದರೆ ಶುದ್ಧ ಸೀರಿಯಂ ಆಕ್ಸೈಡ್ ಜಿಪುಣ. ಜಲಜನಕದ ಎದುರಿಗೆ ಅದನ್ನು ಕಾಯಿಸುತ್ತ ಹೋದರೆ, ಮೇಲ್ಮೈಯಲ್ಲಿರುವ ಆಮ್ಲಜನಕ ಹೊರಬರುವುದು ಸುಮಾರು ೫೦೦ ಸೆಂಟಿಗ್ರೇಡಿನಲ್ಲಿ. ಒಡಲೊಳಗಿನದು ಹೊರಬರಬೇಕಾದರೆ ೮೦೦ರ ಸುಮಾರಿಗೆ ಹೋಗಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಮೇಲ್ಮೈಯದು ಉಳಿತಾಯದ ಖಾತೆ, ಒಳಗಿನದು ಮುದ್ದತು ಠೇವಣಿ. ಪುಣೆಯ ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಗಾಡಿ ಹೊರಟರೆ ಹೊಗೆಕೊಳವೆ ಅಷ್ಟು ಕಾಯುವುದು ಯಾವಾಗ, ಠೇವಣಿ ಮುರಿಯುವುದು ಯಾವಾಗ?

ಇಲ್ಲಿಗೆ ಬೆರಕೆಯ ಲೋಹ ಬರುತ್ತದೆ. ಸೀರಿಯಂ ಆಕ್ಸೈಡಿಗೆ ನೂರಕ್ಕೆ ಒಂದೆರಡು ಪಾಲು ಪೆಲೇಡಿಯಂ ಸೇರಿಸಿ ಅದೇ ಪರೀಕ್ಷೆ ಮಾಡಿದರೆ, ಮೇಲ್ಮೈ ಆಮ್ಲಜನಕ ೨೦೦ ಸೆಂಟಿಗ್ರೇಡಿಗಿಂತ ಕೆಳಗೇ ಹೊರಬರುತ್ತದೆ. ಮುನ್ನೂರು ಡಿಗ್ರಿಯ ರಿಯಾಯತಿ! ಪೆಲೇಡಿಯಂ ತನ್ನ ಆಮ್ಲಜನಕವನ್ನು ಕೊಟ್ಟಿತೆಂದು ಇದರ ಅರ್ಥವಲ್ಲ. ಲೆಕ್ಕ ಹಾಕಿ ನೋಡಿದರೆ, ಖರ್ಚಾದ ಜಲಜನಕ ಪೆಲೇಡಿಯಮ್ಮಿನ ಪಾಲಿಗೆ ಬೇಕಾದುದಕ್ಕಿಂತ ಎಷ್ಟೋ ಹೆಚ್ಚು. ಕೊಟ್ಟದ್ದು ಸೀರಿಯಂ ಆಕ್ಸೈಡೇ, ಕೊಡಿಸಿದ್ದು ಪೆಲೇಡಿಯಂ.

ಹೇಗೆ ಕೊಡಿಸುತ್ತದೆ? ಜಲಜನಕದ ಅಣುವಿನಲ್ಲಿ ಎರಡು ಪರಮಾಣುಗಳು ಕೈಕೈ ಹಿಡಿದುಕೊಂಡಿರುತ್ತವೆ. ಬರಿಯ ಆಕ್ಸೈಡಿನ ಮೇಲೆ ಆ ಹಿಡಿತ ಸುಲಭಕ್ಕೆ ಬಿಡದು. ಪೆಲೇಡಿಯಂ ಅಥವಾ ಪ್ಲಾಟಿನಂ ಮೇಲೆ ಕುಳಿತೊಡನೆ ಬಿಟ್ಟುಹೋಗುತ್ತದೆ. ಬಿಡಿಯಾದ ಪರಮಾಣುಗಳು ಲೋಹದ ಮೇಲಿಂದ ಪಕ್ಕದ ಆಕ್ಸೈಡಿನ ಮೇಲಕ್ಕೆ ಹರಿಯುತ್ತವೆ, ತುಂಬಿದ ಕೊಡದಿಂದ ನೀರು ತುಳುಕಿದಂತೆ. ಇದನ್ನು ‘ತುಳುಕು’ ಎಂದೇ ಕರೆಯೋಣ. ೧೯೬೪ರಲ್ಲಿ ಖೂಬಿಯಾರ್ ಎಂಬ ವಿಜ್ಞಾನಿ ಇದನ್ನು ಬಣ್ಣದಲ್ಲಿ ತೋರಿಸಿದರು. ಟಂಗ್‌ಸ್ಟನ್ ಆಕ್ಸೈಡ್ ಹಳದಿ ಪುಡಿ. ಕೋಣೆಯ ಶಾಖದಲ್ಲಿ ಅದರ ಮೇಲೆ ಜಲಜನಕ ಹಾಯಿಸಿದರೆ ಏನೂ ಆಗದು. ಪ್ಲಾಟಿನಂ ಹಚ್ಚಿದ ಅಲ್ಯೂಮಿನವನ್ನು ಅದಕ್ಕೆ ಬೆರೆಸಿ ಜಲಜನಕ ಹಾಯಿಸಿದರೆ ಹಳದಿ ಪುಡಿ ನೀಲಿಯಾಗುತ್ತದೆ. ಪ್ಲಾಟಿನಂ ಇರುವುದು ಅಲ್ಯೂಮಿನದ ಕಣದ ಮೇಲೆ, ನೀಲಿಯಾದದ್ದು ಪಕ್ಕದಲ್ಲಿದ್ದ ಬೇರೆ ಕಣ. ನಡುವೆ ಏನೋ ದಾಟಿ ಹೋಗಿರಲೇಬೇಕು. ನಾನು ಓದಿದ ಪ್ರಯೋಗಗಳಲ್ಲೆಲ್ಲ ಇದು ನನಗೆ ಅತ್ಯಂತ ಮೆಚ್ಚಿಗೆಯಾದದ್ದು. ಯಂತ್ರದ ಗೊಂದಲವಿಲ್ಲ, ಕಣ್ಣೇ ಸಾಕ್ಷಿ. ಗಾಡಿಯ ಹೊಗೆಯಲ್ಲಿ ಮುಖ್ಯ ಗಿರಾಕಿ ಇಂಗಾಲದ ಮಾನಾಕ್ಸೈಡ್. ಅದು ಲೋಹದ ಮೇಲೆ ಕುಳಿತು, ಲೋಹವೂ ಆಕ್ಸೈಡೂ ಕೂಡುವ ಗಡಿಯಲ್ಲಿ ಆಮ್ಲಜನಕವನ್ನು ಪಡೆದು ಹೋಗುತ್ತದೆ. ಗಡಿ ಉದ್ದವಾದಷ್ಟೂ ವ್ಯವಹಾರ ಹೆಚ್ಚು. ಗಡಿಯ ಮಾತು ಬಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ಇದು ಅದಲ್ಲ, ಗಾಬರಿ ಬೇಡ.

ಈ ಲೆಕ್ಕಗಳನ್ನು ತೆಗೆಯುವ ವಿಧಾನ ತೀರ ಸರಳ. ಗಾಜಿನ ಕೊಳವೆಯಲ್ಲಿ ಚೂರು ಪುಡಿ ಇಟ್ಟು, ಆರ್ಗಾನಿನಲ್ಲಿ ಸ್ವಲ್ಪ ಜಲಜನಕ ಕೂಡಿಸಿ ಹಾಯಿಸುತ್ತ, ಮಿನಿಟಿಗೆ ಹತ್ತು ಡಿಗ್ರಿಯಂತೆ ಶಾಖ ಏರಿಸುತ್ತಾರೆ. ಯಾವ ಶಾಖದಲ್ಲಿ ಎಷ್ಟು ಜಲಜನಕ ಖರ್ಚಾಯಿತೆಂದು ಯಂತ್ರ ಗೆರೆ ಎಳೆಯುತ್ತದೆ. ಗೆರೆ ಎಲ್ಲಿ ಗುಡ್ಡದಂತೆ ಏಳುತ್ತದೆಯೋ ಅಲ್ಲಿ ಆಕ್ಸೈಡ್ ಖಾತೆ ತೆರೆಯಿತು ಎಂದು ಅರ್ಥ. ಈ ವಿಧಾನವನ್ನು ಪ್ರಸಿದ್ಧಿಗೆ ತಂದ ೧೯೭೫ರ ಕೆಲಸ ನಿಕಲ್ ಮತ್ತು ತಾಮ್ರದ ಮೇಲೆ ನಡೆದದ್ದು. ನಿಕಲ್ಲಿನ ಪರಿಚಯ ನಮ್ಮ ತಾಯಂದಿರಿಗೆ ಬೇರೆ ಹೆಸರಿನಲ್ಲಿ ಇದೆ. ಎಣ್ಣೆಗೆ ಜಲಜನಕ ಕೂಡಿಸಿ ವನಸ್ಪತಿ ಮಾಡುವುದು ನಿಕಲ್ಲಿನ ಪುಡಿಯೇ. ಈ ಮಾರ್ಗ ತೋರಿದ ಸಬಾಟಿಯೆಗೆ ೧೯೧೨ರಲ್ಲಿ ನೊಬೆಲ್ ಬಹುಮಾನ ಬಂತು. ನಿಕಲ್ ಆಕ್ಸೈಡನ್ನು ನಿಕಲ್ಲಾಗಿಸುವುದಕ್ಕೆ ತಾಮ್ರ ಬೆರೆಸಿದರೆ, ಮೊದಲು ತಾಮ್ರದ ಆಕ್ಸೈಡ್ ಲೋಹವಾಗಿ, ಆಮೇಲೆ ನಿಕಲ್ಲನ್ನೂ ಕಡಮೆ ಶಾಖದಲ್ಲೇ ತನ್ನ ಹಿಂದೆ ಎಳೆದುಕೊಳ್ಳುತ್ತದೆ. ಆದರೆ ಇದೂ ಬಡ್ಡಿಯಿಲ್ಲದ ಸಾಲವಲ್ಲ. ಎರಡೂ ಕಲೆತು ಮಿಶ್ರಲೋಹವಾಗುತ್ತವೆ, ಆಮೇಲೆ ನಿಕಲ್ ಮೊದಲಿನ ನಿಕಲ್ಲಾಗಿ ಉಳಿಯುವುದಿಲ್ಲ.

ಈ ವಿದ್ಯೆಯಲ್ಲಿ ನಮ್ಮ ನಾಡಿನ ಪಾಲು ಸಣ್ಣದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ಸಿ. ಪಾಟೀಲರು ೧೯೮೮ರಲ್ಲಿ ಪ್ರಕಟಿಸಿದ ವಿಧಾನವನ್ನು ಕೇಳಿದರೆ ಅಡಿಗೆಮನೆಯ ಕೆಲಸವೆನ್ನಬೇಕು. ಲೋಹದ ನೈಟ್ರೇಟು, ನಮ್ಮ ರೈತರ ಯೂರಿಯಾ, ಎರಡನ್ನೂ ನೀರಿನಲ್ಲಿ ಕರಗಿಸಿ ೫೦೦ ಸೆಂಟಿಗ್ರೇಡಿನ ಕುಲುಮೆಯಲ್ಲಿ ಇಟ್ಟರೆ, ಕುದಿದು, ನೊರೆಯೆದ್ದು, ತಾನಾಗಿ ಹೊತ್ತಿಕೊಂಡು ಕೆಲವೇ ಮಿನಿಟುಗಳಲ್ಲಿ ಹಗುರವಾದ ಆಕ್ಸೈಡಿನ ಪುಡಿ ಸಿದ್ಧ. ದಿನಗಟ್ಟಲೆ ಕಾಯಿಸುವ ಹಳೆಯ ಪದ್ಧತಿಯ ಮುಂದೆ ಇದು ಅವಲಕ್ಕಿ ಒಗ್ಗರಣೆಯಷ್ಟು ಸುಲಭ. ಅದೇ ಸಂಸ್ಥೆಯ ಪ್ರೊಫೆಸರ್ ಎಂ. ಎಸ್. ಹೆಗಡೆಯವರೂ ಅವರ ಜೊತೆಗಾರರೂ ಈ ವಿಧಾನದಿಂದಲೇ ಸೀರಿಯಂ ಆಕ್ಸೈಡಿನಲ್ಲಿ ಪೆಲೇಡಿಯಂ, ಪ್ಲಾಟಿನಂಗಳನ್ನು ಬೆರೆಸಿದರು. ಅವರ ಬೆರಕೆಯಲ್ಲಿ ಒಂದು ಹೊಸತನವಿತ್ತು. ಸಾಮಾನ್ಯವಾಗಿ ಬೆಲೆಬಾಳುವ ಲೋಹ ಆಕ್ಸೈಡಿನ ಮೇಲೆ ಸಣ್ಣ ಸಣ್ಣ ಗುಂಡುಗಳಾಗಿ ಕುಳಿತಿರುತ್ತದೆ. ಗುಂಡಿನ ಒಳಗಿರುವ ಪರಮಾಣುಗಳಿಗೆ ಕೆಲಸವಿಲ್ಲ, ಸಂಬಳ ಮಾತ್ರ ಉಂಟು. ಹೆಗಡೆಯವರ ತಂಡ ಲೋಹವನ್ನು ಅಯಾನುಗಳಾಗಿ ಬಿಡಿಬಿಡಿಯಾಗಿ, ಸೀರಿಯಮ್ಮಿನ ಸ್ಥಾನದಲ್ಲಿಯೇ ಸ್ಫಟಿಕದೊಳಗೆ ಕೂರಿಸಿತು. ಅಂಥ ಒಂದು ಅಯಾನು ಸುತ್ತಲಿನ ಆಮ್ಲಜನಕದ ಹಿಡಿತವನ್ನು ಸಡಿಲಿಸುತ್ತದೆ. ಕೊಟ್ಟು ತೆಗೆದುಕೊಳ್ಳುವುದು ಕಡಮೆ ಶಾಖದಲ್ಲೇ ನಡೆಯುತ್ತದೆ. ೨೦೦೯ರ ಹೊತ್ತಿಗೆ ಈ ಕೆಲಸವನ್ನೆಲ್ಲ ಒಟ್ಟಿಗೆ ಹಾಕಿ ಹೆಗಡೆಯವರು, ಗಿರಿಧರ ಮದ್ರಾಸ್ ಮತ್ತು ಪಾಟೀಲರೊಡನೆ ಒಂದು ಸಮೀಕ್ಷೆ ಬರೆದರು. ಬೆಲೆಬಾಳುವ ಲೋಹವನ್ನು ಗುಂಡು ಮಾಡಿ ಕೂಡಿಡಬಾರದು, ಹಂಚಬೇಕು ಎನ್ನುವ ಈ ವಿಚಾರ ಬ್ಯಾಂಕಿನವನಾದ ನನಗೆ ತುಸು ವಿಚಿತ್ರವಾಗಿ ಕಂಡರೂ ಲೆಕ್ಕ ಸರಿಯಾಗಿದೆ.

ಜಿರ್ಕೋನಿಯಮ್ಮಿನ ವಿಚಾರ ಇನ್ನೂ ಸ್ವಾರಸ್ಯ. ಅದರ ಆಕ್ಸೈಡ್ ತನ್ನ ಆಮ್ಲಜನಕವನ್ನು ಇಂಥ ಶಾಖದಲ್ಲಿ ಯಾರಿಗೂ ಕೊಡುವುದಿಲ್ಲ. ಆದರೂ ಸೀರಿಯಂ ಆಕ್ಸೈಡಿನಲ್ಲಿ ಬೆರೆತರೆ ಅದರ ಠೇವಣಿಯನ್ನು ಸಡಿಲಿಸುತ್ತದೆ. ಜಿರ್ಕೋನಿಯಂ ಅಯಾನು ಸಣ್ಣದು. ದೊಡ್ಡ ಸೀರಿಯಮ್ಮುಗಳ ನಡುವೆ ಅದು ನುಸುಳಿ ಕುಳಿತಾಗ ಸ್ಫಟಿಕದ ಸಾಲು ಸೊಟ್ಟಗಾಗಿ, ಕೆಲವು ಆಮ್ಲಜನಕಗಳ ಕಟ್ಟು ಉದ್ದವಾಗಿ ಸಡಿಲುತ್ತದೆ. ಒಳಗಿನ ಆಮ್ಲಜನಕಕ್ಕೆ ಓಡಾಡಲು ದಾರಿಯಾಗುತ್ತದೆ. ಕಾವು ಏರಿದಾಗ ಪುಡಿಯ ಕಣಗಳು ಒಂದಕ್ಕೊಂದು ಅಂಟಿ ದಪ್ಪನಾಗುವುದನ್ನೂ ಅದು ತಡೆಯುತ್ತದೆ. ತಾನು ಕಾಸು ಬಿಚ್ಚದೆ ಪಕ್ಕದವನಿಂದ ವಂತಿಗೆ ಕೊಡಿಸುವವರು ನಮ್ಮ ಸಂಘದಲ್ಲೂ ಇದ್ದಾರೆ, ಅವರಿಗೆ ನಾವು ಕೃತಜ್ಞರಾಗಿಯೇ ಇದ್ದೇವೆ.

ಇಷ್ಟು ಕೇಳಿದವರು, ಬೆರಕೆ ಎಂದರೆ ಆಮ್ಲಜನಕವನ್ನು ಬೇಗ ಬಿಡಿಸುವುದು, ಬೇಗ ಬಿಟ್ಟಷ್ಟೂ ಒಳ್ಳೆಯದು ಎಂದು ತೀರ್ಮಾನಿಸಬಹುದು. ಹಾಗಲ್ಲ. ಅಪಕರ್ಷಣವನ್ನು ನಿಧಾನಗೊಳಿಸುವ ಬೆರಕೆಯೂ ಉಂಟು, ಕೆಲವೆಡೆ ಅದೇ ಬೇಕು. ರೈತನ ಯೂರಿಯಾಕ್ಕೆ ಮೂಲ ಅಮೋನಿಯ. ಗಾಳಿಯ ಸಾರಜನಕವನ್ನೂ ಜಲಜನಕವನ್ನೂ ಕೂಡಿಸಿ ಅದನ್ನು ಮಾಡುವುದು ಕಬ್ಬಿಣದ ಕ್ರಿಯಾವರ್ಧಕ. ಮೈಸೂರಿನ ಬಳಿಯ ಬೆಳಗೊಳದಲ್ಲಿ ಎರಡನೆಯ ಮಹಾಯುದ್ಧದ ಹೊತ್ತಿಗೇ ಅಮೋನಿಯ ತಯಾರಿಸುವ ಕಾರ್ಖಾನೆ ಇತ್ತು. ಮಂಗಳೂರಿನ ಪಣಂಬೂರಿನ ಗೊಬ್ಬರದ ಕಾರ್ಖಾನೆ ೧೯೭೬ರಲ್ಲಿ ಕೆಲಸ ಆರಂಭಿಸಿತು. ಜರ್ಮನಿಯಲ್ಲಿ ಮಿಟಾಶ್ ಎಂಬಾತ ಈ ಕ್ರಿಯಾವರ್ಧಕಕ್ಕಾಗಿ ಸಾವಿರಾರು ಪುಡಿಗಳನ್ನು ಪರೀಕ್ಷಿಸುತ್ತ ಹೋದಾಗ, ೧೯೦೯ರಲ್ಲಿ ಸ್ವೀಡನ್ನಿನ ಒಂದು ಅದಿರು ಮಾತ್ರ ಬಹಳ ಚೆನ್ನಾಗಿ ಕೆಲಸ ಮಾಡಿತು. ಶುದ್ಧ ಕಬ್ಬಿಣ ಹಾಗೆ ಮಾಡಲಿಲ್ಲ. ಅದಿರಿನ ಗುಟ್ಟು ಅದರ ಕಲ್ಮಷದಲ್ಲಿತ್ತು. ಅಂದಿನಿಂದ ಕಬ್ಬಿಣದ ಆಕ್ಸೈಡಿಗೆ ಸ್ವಲ್ಪ ಅಲ್ಯೂಮಿನ, ಸ್ವಲ್ಪ ಪೊಟಾಸಿಯಂ ಬೆರೆಸುವುದು ವಾಡಿಕೆಯಾಯಿತು. ಅಲ್ಯೂಮಿನ ಬೆರೆತ ಆಕ್ಸೈಡ್ ಆಮ್ಲಜನಕವನ್ನು ನಿಧಾನವಾಗಿ ಬಿಡುತ್ತದೆ. ಆದರೆ ಲೋಹವಾದ ಮೇಲೆ ಕಬ್ಬಿಣದ ಸಣ್ಣ ಹರಳುಗಳು ಒಂದಾಗಿ ಹೆಪ್ಪುಗಟ್ಟದಂತೆ ನಡುನಡುವೆ ನಿಂತು ಕಾಯುವುದೂ ಅದೇ ಅಲ್ಯೂಮಿನ. ಹೊಸ ಪುಡಿ ತುಂಬಿದ ಕಾರ್ಖಾನೆಯಲ್ಲಿ ಅದನ್ನು ಲೋಹವಾಗಿಸುವುದಕ್ಕೇ ದಿನಗಳು ಹಿಡಿಯುತ್ತವೆ. ಆತುರ ಮಾಡಿದರೆ ಆಮ್ಲಜನಕವೂ ಜಲಜನಕವೂ ಕೂಡಿ ಹುಟ್ಟಿದ ಹಬೆಯೇ ಆಗತಾನೆ ಸಿದ್ಧವಾದ ಕಬ್ಬಿಣವನ್ನು ಕೆಡಿಸುತ್ತದೆ. ಅಲ್ಲಿಯ ಇನ್ನೊಂದು ಹಂತದಲ್ಲಿ ಇಂಗಾಲದ ಮಾನಾಕ್ಸೈಡನ್ನು ಹಬೆಯೊಡನೆ ಕೂಡಿಸಿ ಜಲಜನಕ ಪಡೆಯುತ್ತಾರೆ. ಆ ಪುಡಿ ಕಬ್ಬಿಣದ ಆಕ್ಸೈಡಾಗಿಯೇ, ಕಪ್ಪು ಮ್ಯಾಗ್ನಟೈಟಾಗಿ ನಿಲ್ಲಬೇಕು, ಕಬ್ಬಿಣದವರೆಗೆ ಇಳಿಯಬಾರದು. ಇಳಿದರೆ ಬೇಡದ ಮೀಥೇನು ಹುಟ್ಟುತ್ತದೆ. ಅಲ್ಲಿ ಜೊತೆಗೆ ಇಡುವುದು ಕ್ರೋಮಿಯಮ್ಮನ್ನು. ಕಬ್ಬಿಣದ ವಿಚಾರದಲ್ಲಿ ಹೀಗೆ, ಸೀರಿಯಮ್ಮಿನ ವಿಚಾರದಲ್ಲಿ ಹಾಗೆ. ಯಾವ ಬೆರಕೆ ಒಳ್ಳೆಯದು ಎಂದು ಬರಿದೆ ಕೇಳಿದರೆ ಉತ್ತರವಿಲ್ಲ. ಯಾವ ಕೆಲಸಕ್ಕೆ ಎಂದು ಮೊದಲು ಹೇಳಬೇಕು.

ನಮ್ಮ ಊರಿನ ಮಾತಿಗೆ ಬರುತ್ತೇನೆ. ೧೯೫೦ರ ಜನವರಿ ೩ರಂದು ನೆಹರೂ ಅವರು ಉದ್ಘಾಟಿಸಿದ ಪಾಷಾಣದ ಪ್ರಯೋಗಾಲಯಕ್ಕೆ ಮೊದಲ ನಿರ್ದೇಶಕರು ಮೆಕ್‌ಬೇನ್. ಅನಿಲಗಳು ಘನವಸ್ತುವಿನ ಮೇಲೂ ಒಳಗೂ ಹೇಗೆ ಸೇರುತ್ತವೆ ಎಂಬುದು ಅವರ ಮುಖ್ಯ ವಿಷಯಗಳಲ್ಲಿ ಒಂದು. ‘ಸಾರ್ಪ್ಶನ್’ ಎಂಬ ಪದವನ್ನು ೧೯೦೯ರಲ್ಲಿ ಬಳಕೆಗೆ ತಂದವರು ಅವರೇ. ಅವರ ಬಳಿಕ ಬಂದ ಫಿಂಚ್ ೧೯೨೨ರ ಎವರೆಸ್ಟ್ ಯಾತ್ರೆಯಲ್ಲಿ ಆಮ್ಲಜನಕವನ್ನು ಬೆನ್ನ ಮೇಲೆ ಹೊತ್ತು ಹತ್ತಿದ ಧೀರ. ಆಗ ಹಲವರು ಅದನ್ನು ಆಟದ ನಿಯಮಕ್ಕೆ ವಿರುದ್ಧವೆಂದು ಮೂಗು ಮುರಿದಿದ್ದರಂತೆ. ಮುಂದೆ ಆ ಪ್ರಯೋಗಾಲಯದಲ್ಲಿ ಕ್ರಿಯಾವರ್ಧಕಗಳ ಅಧ್ಯಯನ ದೊಡ್ಡದಾಗಿ ಬೆಳೆಯಿತು. ಆ ವಿದ್ಯೆಯಲ್ಲೇ ಹೆಸರಾದ ಪಾಲ್ ರತ್ನಸಾಮಿಯವರು ೧೯೯೫ರಿಂದ ೨೦೦೨ರವರೆಗೆ ನಿರ್ದೇಶಕರಾಗಿದ್ದರು. ಅಲ್ಲಿಂದ ಕಣ್ಣೆತ್ತಿದರೆ ವೇತಾಳ ಗುಡ್ಡ. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ೧೯೬೬ರಲ್ಲಿ ಸ್ಥಾಪನೆಯಾದ ಮೋಟಾರು ಸಂಶೋಧನ ಸಂಸ್ಥೆ, ಗಾಡಿಯ ಹೊಗೆಯನ್ನು ಅಳೆಯುವ ಸ್ಥಳ. ಗುಡ್ಡದ ಒಂದು ಬದಿಗೆ ಪುಡಿ, ಇನ್ನೊಂದು ಬದಿಗೆ ಹೊಗೆ.

ಈ ನಡುವೆ ನಮ್ಮ ಸೊಸೈಟಿಯಲ್ಲಿ ಶಾಲೆಯ ಮಕ್ಕಳ ವ್ಯಾನು ಓಡಿಸುವವರೊಬ್ಬರ ಗಾಡಿಯಿಂದ ರಾತ್ರೋರಾತ್ರಿ ಸೈಲೆನ್ಸರ್ ಕಳುವಾಯಿತು. ಬ್ಯಾಟರಿ ಇತ್ತು, ರೇಡಿಯೊ ಇತ್ತು, ಕಳ್ಳ ಅವನ್ನು ಮುಟ್ಟಿರಲಿಲ್ಲ. ಸೈಲೆನ್ಸರಿನ ಜೊತೆಗೆ ಇರುವ ಡಬ್ಬಿಯಲ್ಲಿ ಜೇನುಗೂಡಿನಂಥ ಪಿಂಗಾಣಿ, ಅದರ ಗೋಡೆಗೆ ಬಳಿದ ಈ ಪುಡಿ, ಪುಡಿಯಲ್ಲಿ ಕೆಲವೇ ಗ್ರಾಂ ಪೆಲೇಡಿಯಂ, ಪ್ಲಾಟಿನಂ, ರೋಡಿಯಂ. ಕಳ್ಳನಿಗೆ ರಸಾಯನಶಾಸ್ತ್ರ ನಮಗಿಂತ ಮೊದಲು ತಿಳಿದಿತ್ತು. ಕಲಬುರ್ಗಿಯ ಕಡೆಯವರಾದ ಆ ಗೃಹಸ್ಥರು ನನ್ನ ಬಳಿಗೆ ಬಂದು, “ಸಾಹೇಬ್ರ, ಗ್ಯಾರೇಜಿನವ್ರು ಬರೇ ಪೈಪ್ ಹಾಕಿ ಕೊಡ್ತೀವಿ ಅಂತಾರ. ಗಾಡಿ ಓಡ್ತದ, ಮೈಲೇಜೂ ಬರ್ತದ ಅಂತಾರ. ಹೊಸಾದಕ್ಕ ಅಷ್ಟು ರೊಕ್ಕ ಯಾಕ ಹಾಕಬೇಕು ಹೇಳ್ರಿ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಬರಿಯ ಪೈಪು ಹಾಕಿದರೆ ಗಾಡಿ ನಿಲ್ಲುವುದಿಲ್ಲ, ನೋಡಿದವರಿಗೆ ತಿಳಿಯುವುದೂ ಇಲ್ಲ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾನು ಇಂದು ನಿಮಗೆ ಹೇಳಿದ್ದನ್ನೇ ಸಂಕ್ಷೇಪವಾಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಆ ಚಿಟಿಕಿ ಪುಡಿ ಇಲ್ಲಂದ್ರ ಹೊಗಿ ಹಂಗೇ ಹೊರಗ ಬರ್ತದೇನ್ರಿ? ಹುಡುಗ್ರು ಹಿಂದ ಕುಂತಿರ್ತಾವ” ಎಂದರು. ಹೊಸದನ್ನೇ ಹಾಕಿಸಿದರು. ಚೀಟಿಯ ಹಣ ಅದಕ್ಕೆ ಹೋಯಿತು, ಮನೆಯಲ್ಲಿ ಎರಡು ದಿನ ಮಾತು ನಡೆದಿರಬೇಕು.

ಅಂಥ ಜನರಿಗೆ ಈ ಭಾರ ಕಡಮೆಯಾಗುವ ದಾರಿ ಒಂದೇ: ಬೆಲೆಬಾಳುವ ಲೋಹ ಇನ್ನೂ ಕಡಮೆ ಸಾಕಾಗುವಂತೆ, ಇಲ್ಲವೆ ತಾಮ್ರ, ಕೋಬಾಲ್ಟ್, ಮ್ಯಾಂಗನೀಸುಗಳಂಥ ಅಗ್ಗದ ಲೋಹ ಆ ಸ್ಥಾನದಲ್ಲಿ ನಿಲ್ಲುವಂತೆ ಮಾಡುವುದು. ತಾಮ್ರವನ್ನು ಬೆರೆಸಿದರೂ ಸೀರಿಯಂ ಆಕ್ಸೈಡ್ ೨೦೦ ಡಿಗ್ರಿಯ ಆಸುಪಾಸಿನಲ್ಲಿ ಆಮ್ಲಜನಕ ಬಿಡುತ್ತದೆ. ತೊಂದರೆ ಇರುವುದು ಬಾಳಿಕೆಯಲ್ಲಿ. ಹೊಗೆಕೊಳವೆಯ ಕಾವಿನಲ್ಲಿ, ಗಂಧಕದ ಸೋಂಕಿನಲ್ಲಿ ತಾಮ್ರ ಬಹುಕಾಲ ನಿಲ್ಲುವುದಿಲ್ಲ. ಪ್ಲಾಟಿನಂ ಬಳಗಕ್ಕೂ ಒಬ್ಬ ಶತ್ರುವಿದ್ದ, ಸೀಸ. ೧೯೯೫ರಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಈ ಡಬ್ಬಿ ಕಡ್ಡಾಯವಾದಾಗ ಸೀಸವಿಲ್ಲದ ಪೆಟ್ರೋಲನ್ನೂ ಜೊತೆಗೇ ತರಬೇಕಾಯಿತು. ೨೦೦೦ದ ಫೆಬ್ರವರಿಯಿಂದ ದೇಶಕ್ಕೆಲ್ಲ ಸೀಸವಿಲ್ಲದ ಪೆಟ್ರೋಲೇ ಬಂತು. ೨೦೨೦ರ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್-೬ರ ನಿಯಮ ಬಂದಿದೆ. ಈಗ ನಿಮ್ಮ ಹೊಸ ಸ್ಕೂಟರಿನ ಹೊಗೆಕೊಳವೆಯಲ್ಲೂ ಇಂಥ ಪುಡಿ ಇದೆ. ಗಾಡಿ ಹಳೆಯದಾಗಿ ಗುಜರಿಗೆ ಹೋಗುವಾಗ ಈ ಡಬ್ಬಿಗೆ ಬೇರೆ ದರ ಕೇಳಿರಿ. ಅದರೊಳಗಿನ ಲೋಹವನ್ನು ತೆಗೆದು ಮತ್ತೆ ಬಳಸುತ್ತಾರೆ.

ಹಳೆಯ ಗಾಡಿಯೊಂದರಿಂದ ತೆಗೆದ ಒಡೆದ ಜೇನುಗೂಡಿನ ತುಂಡನ್ನು ತಂದು ಮೇಜಿನ ಮೇಲೆ ಕಾಗದದಲ್ಲಿ ಇಟ್ಟಿದ್ದೇನೆ. ಒಂದು ಚದರ ಅಂಗುಲದಲ್ಲಿ ನಾಲ್ಕುನೂರರಷ್ಟು ಕಿಂಡಿಗಳಿರುತ್ತವೆ, ಬೆಳಕಿಗೆ ಹಿಡಿದರೆ ಕಾಣುತ್ತವೆ. ನೋಡಬೇಕೆನ್ನುವವರು ಚಹಾದ ಹೊತ್ತಿನಲ್ಲಿ ಬಂದು ನೋಡಬಹುದು. ಮಕ್ಕಳು ಊದಬಾರದು. ಮುಟ್ಟಿದವರು ಫಳಾರಕ್ಕೆ ಮುಂಚೆ ಕೈ ತೊಳೆದುಕೊಳ್ಳಬೇಕಾಗಿ ವಿನಂತಿ.